ಗಂಗಾವತಿ ರೈಸ್ ಮಿಲ್ಲಿನ ವೆಬ್‌ಸೈಟ್ ಎಷ್ಟು ಹಳತಾಗಿತ್ತು: ಒಂದು ಪ್ರಕರಣ ಅಧ್ಯಯನ

ಪ್ರಕರಣ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮಧ್ಯಮ ಗಾತ್ರದ ಒಂದು ರೈಸ್ ಮಿಲ್ಲಿನದು. ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನ ಭತ್ತ ಕೊಂಡು, ಅಕ್ಕಿ ಮಾಡಿ, ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯ ಸಗಟು ವ್ಯಾಪಾರಿಗಳಿಗೆ ಲೋಡು ಕಳಿಸುವ ಮಿಲ್ಲು. 2014ರಲ್ಲಿ ವೆಬ್‌ಸೈಟ್ ಮಾಡಿಸಿದ್ದರು. ಇಂಗ್ಲಿಷ್ ಪುಟಗಳು ವ್ಯಾಪಾರಿಗಳಿಗೆ. ಕನ್ನಡದ ಒಂದು ಪುಟ ರೈತರಿಗೆ: ಅಂದಂದಿನ ಖರೀದಿ ದರ, ಈ ಭಾಗದ ರೂಢಿಯಂತೆ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಮಿಲ್ಲಿನ ಹೆಸರು ಇಲ್ಲಿ ಬೇಡ. ಅದೇ ಹೊತ್ತಿನಲ್ಲಿ ಅದೇ ಕ್ರಮದಲ್ಲಿ ಕಟ್ಟಿದ ಯಾವ ಸೈಟಿಗೂ ಈ ಮಾತುಗಳು ಹೊಂದುತ್ತವೆ.

ಮಾಲೀಕರ ಬೇಡಿಕೆ ಸರಳವಾಗಿತ್ತು. "ಸೈಟು ಚಲೋ ಐತ್ರಿ ಸರ್. ಡಿಸೈನ್ ಅಷ್ಟ ಹಳೇದಾಗೈತಿ, ಹೊಸದು ಹಾಕಿಕೊಡ್ರಿ." ಮಾತಿನ ನಡುವೆ ಇನ್ನೊಂದು ವಿಷಯ ಬಂತು. ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿ, ಸೈಟನ್ನು ನಡೆಸುವ ಪಿಎಚ್‌ಪಿ ಎಂಬ ತಂತ್ರಾಂಶದ 5.6 ಆವೃತ್ತಿಯನ್ನು ನಿಲ್ಲಿಸುತ್ತೇವೆ ಎಂದು ಮೇಲ್ ಮೇಲೆ ಮೇಲ್ ಕಳಿಸುತ್ತಿತ್ತು. ಒಮ್ಮೆ ಅವರಾಗಿಯೇ ಹೊಸ ಆವೃತ್ತಿಗೆ ಹಾಕಿದಾಗ ಇಡೀ ಸೈಟ್ ಬಿಳಿ ಹಾಳೆಯಾಗಿತ್ತು. ಫೋನು ಮಾಡಿ ಹೇಳಿದ ಮೇಲೆ ಹಳೆಯದಕ್ಕೇ ತಂದಿಟ್ಟರು. ಮಾಲೀಕರ ಲೆಕ್ಕದಲ್ಲಿ ಅಲ್ಲಿಗೆ ಆ ಸಮಸ್ಯೆ ಮುಗಿದಿತ್ತು. ನಿಜವಾದ ರೋಗ ಇದ್ದದ್ದು ಅಲ್ಲೇ.

ಸೈಟ್ ತಾಂತ್ರಿಕವಾಗಿ ಹಳತಾಗಿದೆ ಎಂದು ಹೇಳಲು ಅದರ ವಯಸ್ಸು ಸಾಕಾಗುವುದಿಲ್ಲ, ನೋಟವೂ ಸಾಕಾಗುವುದಿಲ್ಲ. ಕೆಳಗಿನ ಭಾಗವನ್ನು ಹೊಸದು ಮಾಡಿದರೆ ಮೇಲಿನದು ನಿಲ್ಲುತ್ತದೆ, ಮೇಲಿನದನ್ನು ಹೊಸದು ಮಾಡಲು ಕೆಳಗಿನದು ಬಿಡುವುದಿಲ್ಲ. ಈ ಸ್ಥಿತಿಗೆ ಬಂದ ದಿನವೇ ಸೈಟ್ ಹಳತಾಯಿತು. 2008ರಲ್ಲಿ ಬರಿಯ ಎಚ್‌ಟಿಎಂಎಲ್‌ನಲ್ಲಿ ಬರೆದಿಟ್ಟ ನಾಲ್ಕು ಪುಟದ ಸೈಟ್ ಇವತ್ತಿಗೂ ಯಾರಿಗೂ ಅಪಾಯ ಮಾಡದೆ ನಡೆಯಬಹುದು, ಏಕೆಂದರೆ ಅದರ ಕೆಳಗೆ ಕೆಡುವ ಯಂತ್ರವೇ ಇಲ್ಲ. ಎರಡು ವರ್ಷದ ಹಿಂದೆ ಕಟ್ಟಿದ ಸೈಟು, ಲೈಸೆನ್ಸ್ ಇಲ್ಲದ ಥೀಮಿನ (ಸೈಟಿನ ನೋಟ ರೂಪಿಸುವ ಸಿದ್ಧ ಕೋಡಿನ) ಮೇಲೆ ನಿಂತಿದ್ದರೆ, ಹುಟ್ಟುವಾಗಲೇ ಹಳತು. ಪರೀಕ್ಷೆ ಮಾಡುವಾಗ ಕೇಳಬೇಕಾದದ್ದು "ಎಷ್ಟು ವರ್ಷವಾಯಿತು" ಎಂದಲ್ಲ. "ಇದನ್ನು ಇವತ್ತು ಬದಲಾಯಿಸಲು ಆಗುತ್ತದೆಯೇ" ಎಂದು.

ಪಾಸ್‌ವರ್ಡ್ ಇಲ್ಲದೆ ಹೊರಗಿನಿಂದ ಕಂಡದ್ದು

ಮೊದಲ ಸುತ್ತನ್ನು ಯಾರು ಬೇಕಾದರೂ ಮಾಡಬಹುದು. ಒಂದು ಆಂಡ್ರಾಯ್ಡ್ ಫೋನು ಸಾಕು. ಎರಡು ಷರತ್ತು: ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆಯಬೇಕು, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಬೇಕು. ದಿನಾ ನೋಡುವ ಯಂತ್ರದಲ್ಲಿ ಚಿತ್ರ, ಫಾಂಟು ಎಲ್ಲ ಮೊದಲೇ ಇಳಿದು ಕೂತಿರುತ್ತವೆ. ಹೊಸ ಗ್ರಾಹಕ ಕಾಣುವುದು ಅದನ್ನಲ್ಲ.

ಮುಖಪುಟದ ಮೇಲ್ಭಾಗದಲ್ಲಿ ಐದು ಚಿತ್ರಗಳ ಸ್ಲೈಡರ್, ಅಂದರೆ ಒಂದಾದ ಮೇಲೊಂದು ಜಾರುವ ಚಿತ್ರಪಟ್ಟಿ. ಕ್ಯಾಮೆರಾದಿಂದ ಬಂದ ಫೋಟೋಗಳನ್ನು ಹಾಗೆಯೇ ಏರಿಸಿದ್ದರು, ಒಂದೊಂದೂ 3 ಎಂಬಿ ಮೇಲ್ಪಟ್ಟು. ಐದು ಸೇರಿ 15 ಎಂಬಿ ದಾಟಿತ್ತು. ಹಳ್ಳಿಯ ಕಡೆ ಸೆಕೆಂಡಿಗೆ 5 ಮೆಗಾಬಿಟ್ ವೇಗ ಸಿಕ್ಕರೆ 15 ಎಂಬಿ ಇಳಿಯಲು 24 ಸೆಕೆಂಡು ಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಇದು ದೊಡ್ಡ ದೋಷವಾದರೂ ಆಳವಾದ ದೋಷವಲ್ಲ. ಚಿತ್ರಗಳನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ತಲಾ 150ರಿಂದ 250 ಕೆಬಿಗೆ ಬರುತ್ತವೆ. ಒಂದು ಮಧ್ಯಾಹ್ನದ ಕೆಲಸ.

ಸಂಪರ್ಕ ಪುಟದ ಗೂಗಲ್ ನಕ್ಷೆ ಮಂಕಾಗಿತ್ತು. ಅದರ ಮೇಲೆಲ್ಲ "ಫಾರ್ ಡೆವಲಪ್‌ಮೆಂಟ್ ಪರ್ಪಸಸ್ ಓನ್ಲಿ" ಎಂಬ ಅಚ್ಚು. 2018ರ ಮಧ್ಯದಲ್ಲಿ ಗೂಗಲ್, ಕೋಡಿನ ಮೂಲಕ ನಕ್ಷೆ ಬಳಸಲು ಬಿಲ್ಲಿಂಗ್ ಖಾತೆಗೆ ಜೋಡಿಸಿದ ಕೀಲಿ (ಗುರುತಿನ ಕೋಡ್) ಕಡ್ಡಾಯ ಮಾಡಿತು. ಕೀಲಿ ಇಲ್ಲದ ಅಂಥ ಹಳೆಯ ನಕ್ಷೆಗಳು ಹೀಗೆ ಕಾಣಿಸತೊಡಗಿದವು. ಸೈಟಿನ ಕಡೆ ಯಾರೂ ತಿರುಗಿ ನೋಡದೆ ಎಷ್ಟು ಕಾಲವಾಯಿತು ಎಂದು ತಾರೀಖಿನ ಸಮೇತ ಹೇಳುವ ಗುರುತು ಇದು. ಇಂಥವು ಇನ್ನೂ ಇವೆ. ಅಡಿಯಲ್ಲಿ ಗೂಗಲ್ ಪ್ಲಸ್ ಗುಂಡಿ ಇದ್ದರೆ, ಆ ಸೇವೆ ನಿಂತದ್ದು ಏಪ್ರಿಲ್ 2019. ಫ್ಲ್ಯಾಶ್ ಇರಬೇಕಾದ ಕಡೆ ಖಾಲಿ ಚೌಕ ಇದ್ದರೆ, ಅದರ ಬೆಂಬಲ ಮುಗಿದದ್ದು 2020ರ ಕೊನೆ. ಸಂದರ್ಶಕರ ಲೆಕ್ಕ ಜುಲೈ 2023ರಲ್ಲಿ ಸೊನ್ನೆಗೆ ಇಳಿದಿದ್ದರೆ, ಅದನ್ನು ಎಣಿಸುತ್ತಿದ್ದ ಗೂಗಲಿನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಅವತ್ತೇ ಲೆಕ್ಕ ನಿಲ್ಲಿಸಿದೆ. ಈ ಮಿಲ್ಲಿನಲ್ಲಿ ಆ ಸೊನ್ನೆಯನ್ನು ನೋಡಿ "ನಮ್ಮ ಸೈಟಿಗೆ ಯಾರೂ ಬರುವುದಿಲ್ಲ" ಎಂದು ತಿಳಿದುಕೊಂಡಿದ್ದರು. ಬರುತ್ತಿದ್ದರು, ಎಣಿಸುವವರು ಇರಲಿಲ್ಲ.

ವಿಳಾಸದ ಪಟ್ಟಿಯಲ್ಲಿ ಬೀಗದ ಚಿತ್ರ ಇಲ್ಲವೆಂದು ಮಾಲೀಕರು ಹೆದರಿದ್ದರು. ಅದು ದೋಷವಲ್ಲ. ಕ್ರೋಮ್ 2023ರಲ್ಲಿ 117ನೇ ಆವೃತ್ತಿಯಿಂದ ಬೀಗವನ್ನು ತೆಗೆದು ಬೇರೆ ಚಿಹ್ನೆ ಇಟ್ಟಿದೆ. ನೋಡಬೇಕಾದದ್ದು "ನಾಟ್ ಸೆಕ್ಯೂರ್" ಎಂಬ ಬರಹ ಬರುತ್ತದೆಯೇ ಎಂದು. ಇಲ್ಲಿ ಬರಲಿಲ್ಲ. ಸೈಟಿನ ಸುರಕ್ಷತಾ ಸರ್ಟಿಫಿಕೇಟ್ ಸರಿ ಇತ್ತು, ಸರ್ವರಿನಲ್ಲಿ ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್ 1.2 ಇತ್ತು. ಆ ವಿಷಯ ಅಲ್ಲಿಗೆ ಬಿಡಬಹುದು. ಪುಟ ಫೋನಿನ ಅಗಲಕ್ಕೂ ಹೊಂದಿಕೊಳ್ಳುತ್ತಿತ್ತು.

ಕೊನೆಯದಾಗಿ ಗೂಗಲ್‌ನಲ್ಲಿ "ಸೈಟ್" ಎಂಬ ಇಂಗ್ಲಿಷ್ ಪದ ಟೈಪ್ ಮಾಡಿ, ಕೋಲನ್ ಹಾಕಿ, ನಡುವೆ ಜಾಗ ಬಿಡದೆ ಡೊಮೇನ್ (ಸೈಟಿನ ವಿಳಾಸದ) ಹೆಸರು ಸೇರಿಸಿ ಹುಡುಕಬೇಕು. ಆ ಡೊಮೇನಿನಲ್ಲಿ ಗೂಗಲ್ ಕಂಡ ಪುಟಗಳಷ್ಟೇ ಬರುತ್ತವೆ. ಏಳು ಪುಟದ ಮಿಲ್ಲಿನ ಸೈಟಿನಲ್ಲಿ, ಮಿಲ್ಲಿಗೆ ಸಂಬಂಧವೇ ಇಲ್ಲದ ಔಷಧಿ ಮಾರಾಟದ ಪುಟಗಳು ಸಾಲಾಗಿ ಬಂದವು. ಮಾಲೀಕರು ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಆ ಪುಟಗಳಿಲ್ಲ. ಗೂಗಲಿನ ಶೋಧಕ ಯಂತ್ರ ಬಂದಾಗ ಮಾತ್ರ ಅವನ್ನು ತೋರಿಸುವಂತೆ ಯಾರೋ ಒಳಗೆ ಕೋಡ್ ಸೇರಿಸಿದ್ದರು. ವರ್ಷಗಟ್ಟಲೆ ಇದು ಗೊತ್ತಾಗದೆ ಉಳಿಯುವುದು ಈ ಕಾರಣಕ್ಕೇ. ವ್ಯಾಪಾರದ ಸೈಟ್ ಇರುವ ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಈ ಹುಡುಕಾಟ ಮಾಡಲೇಬೇಕು. ಖರ್ಚಿಲ್ಲ, ಒಂದು ನಿಮಿಷ ಸಾಕು.

ಕನ್ನಡ ಪುಟ

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಿದ್ದ ದೋಷ ದರದ ಪುಟದಲ್ಲಿತ್ತು. ಮಿಲ್ಲಿನ ಆಫೀಸಿನಲ್ಲಿ ಪುಟ ಚೆನ್ನಾಗಿ ಕಾಣುತ್ತಿತ್ತು. ರೈತರ ಫೋನಿನಲ್ಲಿ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಗೋಜಲು. ಗುಮಾಸ್ತರಿಗೆ ಫೋನು ಬರುತ್ತಿತ್ತು: "ಅಣ್ಣಾ, ನೆಲ್ಲಿನ ರೇಟು ಎಷ್ಟ ಐತಿ? ಫೋನಿನ್ಯಾಗ ಏನೂ ಓದಾಕ ಬರವಲ್ದು." ಫೋನಿನಲ್ಲೇ ತೊಂದರೆ ಎಂದು ಅವರು ಬಾಯಲ್ಲೇ ದರ ಹೇಳುತ್ತಿದ್ದರು.

ಕಾರಣ ಹೀಗಿದೆ. ಆ ಪುಟದ ಕನ್ನಡವನ್ನು ನುಡಿ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಆಸ್ಕಿ ಎಂದು ಕರೆಯುವ ಕ್ರಮದಲ್ಲಿ ಟೈಪ್ ಮಾಡಿ ಅಂಟಿಸಿದ್ದರು. ಆ ಕ್ರಮದಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ. ಯುರೋಪಿನ ಭಾಷೆಗಳ ಅಕ್ಷರ ಮತ್ತು ಗುರುತುಗಳನ್ನು. ಅವುಗಳ ಆಕಾರವನ್ನು ಕನ್ನಡದಂತೆ ಬರೆದು ತೋರಿಸುವುದು ಫಾಂಟಿನ ಕೆಲಸ. ಫಾಂಟು ಸಿಗದಿದ್ದರೆ "ಕನ್ನಡ" ಎಂಬ ಪದ ಹೀಗೆ ಕಾಣುತ್ತದೆ: ಮೊದಲು ಪಿ, ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಎ. ತಲೆಯ ಮೇಲೆ ಓರೆಗೆರೆಯ ಎ ಪದೇ ಪದೇ ಬರುತ್ತಿದ್ದರೆ ಇದು ಹಳೆಯ ಆಸ್ಕಿ ಕನ್ನಡ ಎಂದು ದೂರದಿಂದಲೇ ಹೇಳಬಹುದು.

ಹಾಗಾದರೆ 2014ರಲ್ಲಿ ಫೋನಿನಲ್ಲಿ ಸರಿ ಕಾಣುತ್ತಿತ್ತಲ್ಲ, ಈಗೇಕೆ ಇಲ್ಲ? ಸೈಟಿನ ನೋಟದ ಸೂಚನೆಗಳಿರುವ ಸ್ಟೈಲ್ ಫೈಲಿನಲ್ಲಿ ಎರಡು ಫಾಂಟುಗಳ ಹೆಸರುಗಳಿದ್ದವು. ಮೊದಲನೆಯದು ಸರ್ವರಿನಿಂದ ಇಳಿಸಿಕೊಳ್ಳುವ ವೆಬ್ ಫಾಂಟು. ಅದು ಸಿಗದಿದ್ದರೆ ಎರಡನೆಯದು, ನೋಡುವವರ ಯಂತ್ರದಲ್ಲೇ ಇರುವ ನುಡಿ ಫಾಂಟು. ವೆಬ್ ಫಾಂಟಿನ ವಿಳಾಸವನ್ನು ಎಚ್‌ಟಿಟಿಪಿ ಎಂದು ಪೂರ್ತಿಯಾಗಿ ಬರೆದಿಟ್ಟಿದ್ದರು. ಕ್ರೋಮ್ ಜುಲೈ 2018ರಿಂದ ಎಚ್‌ಟಿಟಿಪಿ ಸೈಟುಗಳಿಗೆಲ್ಲ "ನಾಟ್ ಸೆಕ್ಯೂರ್" ಎಂದು ಹೇಳತೊಡಗಿದಾಗ ಹೋಸ್ಟಿಂಗಿನವರು ಸೈಟನ್ನು ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ಗೆ ತಿರುಗಿಸಿದರು. ಸುರಕ್ಷಿತ ಪುಟದೊಳಗೆ ಅಸುರಕ್ಷಿತ ವಿಳಾಸದ ಫಾಂಟು ಬಂದರೆ ಬ್ರೌಸರ್ ಅದನ್ನು ತಡೆಯುತ್ತದೆ. ಚಿತ್ರಗಳಿಗೆ ಸ್ವಲ್ಪ ರಿಯಾಯಿತಿ ಇದೆ, ಫಾಂಟಿಗೆ ಇಲ್ಲ. ರೈತರ ಫೋನಿನಲ್ಲಿ ಮೊದಲನೆಯದು ತಡೆಯಾಯಿತು, ಎರಡನೆಯದು ಇರಲೇ ಇಲ್ಲ. ಆಫೀಸಿನ ಕಂಪ್ಯೂಟರಿನಲ್ಲೂ ಮೊದಲನೆಯದು ತಡೆಯಾಗಿತ್ತು. ಆದರೆ ಅಲ್ಲಿ ನುಡಿ ಇನ್‌ಸ್ಟಾಲ್ ಆಗಿತ್ತು, ಎರಡನೆಯ ಹೆಸರು ಕೈಹಿಡಿಯಿತು. ಸೈಟ್ ಕೆಟ್ಟಿದೆ ಎಂಬುದು ಸೈಟಿನ ಒಡೆಯರಿಗೆ ಮಾತ್ರ ಕಾಣದಂತಾದದ್ದು ಹೀಗೆ.

ವಿಳಾಸದಲ್ಲಿ ಒಂದು ಅಕ್ಷರ ಸೇರಿಸಿ ಎಚ್‌ಟಿಟಿಪಿಎಸ್ ಮಾಡಿದರೆ ಪುಟ ಮತ್ತೆ ಕಾಣುತ್ತದೆ, ನಿಜ. ಅದನ್ನು ಪರಿಹಾರ ಎಂದುಕೊಳ್ಳಬಾರದು. "ಗಂಗಾವತಿ ಭತ್ತದ ದರ" ಎಂದು ರೈತ ಫೋನಿನಲ್ಲಿ ಹುಡುಕಿದರೆ ಈ ಪುಟ ಎಂದಿಗೂ ಸಿಗುವುದಿಲ್ಲ, ಏಕೆಂದರೆ ಪುಟದೊಳಗೆ "ಭತ್ತ" ಎಂಬ ಪದವೇ ಇಲ್ಲ. ಬರಹವನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಗೋಜಲೇ ಹೋಗುತ್ತದೆ. ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಉಳಿಸುವ ಯೂನಿಕೋಡ್ ಕ್ರಮಕ್ಕೆ ಬದಲಿಸುವುದೊಂದೇ ದಾರಿ. ಕನ್ನಡ ಯೂನಿಕೋಡ್ ಫಾಂಟು ಆಂಡ್ರಾಯ್ಡ್ ಫೋನುಗಳಲ್ಲಿ ಬಹಳ ವರ್ಷಗಳಿಂದ ಒಳಗೇ ಬರುತ್ತಿದೆ. ಬೇರೆ ಫಾಂಟು ಇಳಿಸುವ ಅಗತ್ಯವೇ ಇಲ್ಲ.

ಪರಿವರ್ತನೆ ಮಾಡುವಾಗ ಎಡವುವ ಜಾಗಗಳು ಗೊತ್ತಿರಬೇಕು. ಅರ್ಕಾವೊತ್ತು ಮೊದಲನೆಯದು. ಹಳೆಯ ಕ್ರಮದಲ್ಲಿ ಅದು ಕಾಗದದ ಮೇಲೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸುವಂತೆ ರಕಾರ ಮೊದಲು ಬರಬೇಕು. ಸ್ಥಾನ ಬದಲಿಸದ ಪರಿವರ್ತಕದಲ್ಲಿ "ಖರ್ಚು" ಹೋಗಿ "ಖಚು" ಉಳಿದು, ಅದರ ಹಿಂದೆ ಅಡ್ಡಗೆರೆಯ ಡಿ ಯಂಥ ಗುರುತು ಅಂಟಿಕೊಂಡಿರುತ್ತದೆ. ಎರಡನೆಯದು ಯಕಾರ. ಹಳೆಯ ಕ್ರಮದಲ್ಲಿ "ಯ" ನಾಲ್ಕು ತುಂಡು, ಅದರ ಮೊದಲ ತುಂಡೇ ಸೊನ್ನೆ. ಉದ್ದದ ಜೋಡಣೆಯನ್ನು ಮೊದಲು ಹುಡುಕದೆ ಬಿಡಿ ತುಂಡುಗಳನ್ನು ಬದಲಿಸಿದರೆ ಯಕಾರವೆಲ್ಲ ಸೊನ್ನೆಯಾಗಿ ಒಡೆಯುತ್ತದೆ. ಮೂರನೆಯದು ಮಿಲ್ಲುಗಳಿಗೆ ವಿಶೇಷ. ಕನ್ನಡದ ನಡುವೆ ಇಂಗ್ಲಿಷ್ ಅಕ್ಷರದಲ್ಲೇ ಬರೆದ ತಳಿಯ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿಯುತ್ತದೆ. ಆರ್‌ಎನ್‌ಆರ್ 15048 ಎಂಬಲ್ಲಿನ ಮೂರಕ್ಷರ "ಖಓಖ" ಆಗುತ್ತದೆ. ಇಮೇಲ್ ವಿಳಾಸಕ್ಕೂ ಇದೇ ಗತಿ. ಕೆಲವು ಪರಿವರ್ತಕಗಳು ಅಂಕಿಗಳನ್ನೂ ಕನ್ನಡ ಅಂಕಿಗಳಾಗಿ ತಿರುಗಿಸುತ್ತವೆ. ಇಂಗ್ಲಿಷ್ ಭಾಗಗಳನ್ನು ಮೊದಲೇ ಕತ್ತರಿಸಿ ಬೇರೆ ಇಟ್ಟು, ಕನ್ನಡವನ್ನಷ್ಟೇ ಬದಲಿಸಿ, ಆಮೇಲೆ ಜೋಡಿಸುವುದು ಕ್ಷೇಮ. ಆಮೇಲೂ ಒಬ್ಬರು ಕೂತು ಸಾಲು ಸಾಲು ಓದಲೇಬೇಕು. ದರದ ಪುಟದಲ್ಲಿ ಒಂದು ಅಂಕಿ ತಪ್ಪಿದರೆ ಅದು ಮಿಲ್ಲಿನ ಗೇಟಿನಲ್ಲಿ ಜಗಳವಾಗುತ್ತದೆ.

ಸೈಟಿನ ಬರಹ, ಸೆಟ್ಟಿಂಗ್ ಉಳಿಯುವ ಡೇಟಾಬೇಸ್ ಬಗ್ಗೆ ಒಂದು ಮಾತು. ಯೂನಿಕೋಡ್ ಬರಹ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ "ಯುಟಿಎಫ್8" ಕೋಷ್ಟಕದಲ್ಲೂ ಅದು ಕೂರುತ್ತದೆ. "ಲ್ಯಾಟಿನ್1" ಕೋಷ್ಟಕವಾದರೆ ಕೂರದು, ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹೊಸದಾಗಿ ಮಾಡುವವರು ಸುಮ್ಮನೆ "ಯುಟಿಎಫ್8ಎಂಬಿ4" ಆರಿಸಿಕೊಳ್ಳಲಿ.

ಒಳಗಿನ ಸಿಕ್ಕು

ಒಳಗೆ ಹೋದಾಗ ಕಂಡ ಆವೃತ್ತಿಗಳು: ಪಿಎಚ್‌ಪಿ 5.6, ಅದರ ಮೇಲೆ ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ 4.9, 2014ರ ಥೀಮು, ಅದರ ಜೊತೆಗೇ ಬಂದ ಸ್ಲೈಡರ್, ಮತ್ತು ಭತ್ತದ ದರ ತೋರಿಸಲು ಆಗಿನ ಡೆವಲಪರ್ ಕೈಯಾರೆ ಬರೆದ ಒಂದು ಸಣ್ಣ ಪ್ಲಗಿನ್ (ಹೆಚ್ಚುವರಿ ಕೆಲಸಕ್ಕೆ ಜೋಡಿಸುವ ಕೋಡ್).

ಪಿಎಚ್‌ಪಿ 5.6ಕ್ಕೆ ಸುರಕ್ಷಾ ತಿದ್ದುಪಡಿ ಬರುವುದು 2018ರ ಡಿಸೆಂಬರ್ 31ಕ್ಕೇ ನಿಂತಿದೆ. ಅದನ್ನು ಏರಿಸಿದಾಗ ಬಿಳಿ ಹಾಳೆ ಬಂದದ್ದೇಕೆ ಎಂದು ಎರರ್ ಲಾಗ್ ಫೈಲು ಹೇಳುತ್ತಿತ್ತು, ಯಾರೂ ತೆರೆದಿರಲಿಲ್ಲ. ದರದ ಪ್ಲಗಿನ್ ಡೇಟಾಬೇಸ್ ಜೊತೆ ಮಾತಾಡಲು ಬಳಸಿದ್ದ ಹಳೆಯ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನು ಪಿಎಚ್‌ಪಿ 7.0ರಲ್ಲೇ ತೆಗೆದುಹಾಕಲಾಗಿದೆ. ಅದನ್ನು ಸರಿಪಡಿಸಿದರೆ ಮುಂದಿನ ತಡೆ ಥೀಮಿನದು: ಅದರಲ್ಲಿದ್ದ "ಕ್ರಿಯೇಟ್ ಫಂಕ್ಷನ್" ಎಂಬ ಕರೆ ಪಿಎಚ್‌ಪಿ 8.0ರಲ್ಲಿ ಇಲ್ಲ. ಥೀಮಿನ ಹೊಸ ಆವೃತ್ತಿ ಇಳಿಸೋಣವೆಂದರೆ ಖರೀದಿ ಆಗಿದ್ದದ್ದು ಡೆವಲಪರ್ ಖಾತೆಯಲ್ಲಿ, ಅವರು ಈಗ ಊರಲ್ಲಿಲ್ಲ, ಆ ಕೆಲಸದಲ್ಲೂ ಇಲ್ಲ. ವರ್ಡ್‌ಪ್ರೆಸ್ ಏರಿಸೋಣವೆಂದರೆ 6.3ಕ್ಕೆ ಕನಿಷ್ಠ ಪಿಎಚ್‌ಪಿ 7.0 ಬೇಕು, 6.6ಕ್ಕೆ 7.2.24 ಬೇಕು. 5.6ರ ಮೇಲೆ ನಿಂತರೆ 6.2ಕ್ಕಿಂತ ಮುಂದೆ ಹೋಗುವಂತಿಲ್ಲ. ಅಷ್ಟಕ್ಕಾದರೂ ಹೋಗೋಣವೆಂದರೆ, 2020ರ ವರ್ಡ್‌ಪ್ರೆಸ್ 5.5 ಮತ್ತು 5.6 ಆವೃತ್ತಿಗಳು ಒಳಗಿನ ಜೆಕ್ವೆರಿ ಎಂಬ ಕೋಡ್ ಸಂಗ್ರಹವನ್ನು ಬದಲಿಸಿದ್ದರಿಂದ ಹಳೆಯ ಸ್ಲೈಡರ್ ನಿಲ್ಲುತ್ತದೆ. ಮಿಲ್ಲಿನಲ್ಲಿ ಮೋಟರ್ ಬದಲಿಸಿದರೆ ಪುಲ್ಲಿ, ಬೆಲ್ಟು, ಶಾಫ್ಟು ಎಲ್ಲವನ್ನೂ ನೋಡಬೇಕಾಗುವ ಹಾಗೆ. ಇಲ್ಲಿ ಪುಲ್ಲಿಯ ಅಳತೆ ಬಲ್ಲವರೇ ಇರಲಿಲ್ಲ.

ಒಂದು ಭ್ರಮೆ ಇದನ್ನೆಲ್ಲ ಮುಚ್ಚಿಟ್ಟಿತ್ತು. ವರ್ಡ್‌ಪ್ರೆಸ್ 2013ರ 3.7ನೇ ಆವೃತ್ತಿಯಿಂದ ಸಣ್ಣ ತಿದ್ದುಪಡಿಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. 4.9ರ ಕೊನೆಯ ಅಂಕಿ ಆಗಾಗ ಏರುತ್ತಿತ್ತು, "ನಿಮ್ಮ ಸೈಟ್ ಅಪ್‌ಡೇಟ್ ಆಗಿದೆ" ಎಂಬ ಮೇಲ್ ಬರುತ್ತಿತ್ತು. ಮೇಲ್ ಸುಳ್ಳಲ್ಲ. ಆದರೆ ಅದು ವರ್ಡ್‌ಪ್ರೆಸ್ ತಿರುಳಿನ ಮಾತು. ಥೀಮಿನ ಜೊತೆ ಬಂದ ಪ್ಲಗಿನ್ನಿಗೆ ಅದು ಅನ್ವಯಿಸುವುದಿಲ್ಲ. ಸ್ಲೈಡರ್ ಅನ್ನು ಬೇರೆಯಾಗಿ ಕೊಂಡಿರದ ಕಾರಣ ಅದಕ್ಕೆ ಅಪ್‌ಡೇಟ್ ಸೂಚನೆಯೇ ಬರುತ್ತಿರಲಿಲ್ಲ. ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲನ್ನು ಹೊರಗಿನವರು ಓದಬಹುದಾದ ದೋಷವೊಂದು ಆ ಸ್ಲೈಡರಿನಲ್ಲಿ 2014ರಲ್ಲಿ ಬಯಲಾಗಿತ್ತು, ಸೈಟಿನಲ್ಲಿದ್ದದ್ದು ಅದಕ್ಕೂ ಹಿಂದಿನ ಆವೃತ್ತಿ. ಔಷಧಿ ಪುಟಗಳು ಹೇಗೆ ಬಂದವು ಎಂದು ಹುಡುಕುವಾಗ ಮೊದಲು ಸಂಶಯ ಪಡಬೇಕಾದ ಜಾಗ ಇದು. ಅಪ್‌ಲೋಡ್ ಫೋಲ್ಡರಿನಲ್ಲಿ ಚಿತ್ರ ಮತ್ತು ಪಿಡಿಎಫ್ ಮಾತ್ರ ಇರಬೇಕು. ಅಲ್ಲಿ ಪಿಎಚ್‌ಪಿ ಫೈಲುಗಳು ಕೂತಿದ್ದವು, ಬಳಕೆದಾರರ ಪಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಅಡ್ಮಿನ್ ಹೆಸರಿತ್ತು.

ಕೈಸೇರದ ಎನ್‌ಕ್ವೈರಿಗಳು

ಸಂಪರ್ಕ ಫಾರಂ ತುಂಬಿ ಕಳಿಸಿದರೆ "ಧನ್ಯವಾದ" ಎಂದು ಬರುತ್ತಿತ್ತು. ಮೇಲ್ ಮಾತ್ರ ಮಿಲ್ಲಿಗೆ ತಲುಪುತ್ತಿರಲಿಲ್ಲ. ಫಾರಂ ತುಂಬಿದವರ ಜಿಮೇಲ್ ವಿಳಾಸವನ್ನೇ ಕಳಿಸುವವರ ವಿಳಾಸವಾಗಿ ಹಾಕಿ, ಪಿಎಚ್‌ಪಿಯ ಮೇಲ್ ಫಂಕ್ಷನ್ ಮೂಲಕ ಸರ್ವರ್ ಅದನ್ನು ಕಳಿಸುತ್ತಿತ್ತು. ಜಿಮೇಲ್ ಹೆಸರಿನಲ್ಲಿ ಜಿಮೇಲ್ ಅಲ್ಲದ ಸರ್ವರಿನಿಂದ ಬಂದ ಮೇಲು; ನಕಲಿ ಎಂದು ಸ್ಪ್ಯಾಮಿಗೆ ಹೋಗುತ್ತದೆ, ಇಲ್ಲವೇ ತಿರಸ್ಕಾರವಾಗುತ್ತದೆ. ಫೆಬ್ರುವರಿ 2024ರಿಂದ ಜಿಮೇಲ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ. ಫಾರಂ ಪ್ಲಗಿನ್ ಆ ಸಂದೇಶಗಳನ್ನು ಡೇಟಾಬೇಸಿನಲ್ಲಿ ಉಳಿಸುತ್ತಲೂ ಇರಲಿಲ್ಲ. ಹೋದ ಎನ್‌ಕ್ವೈರಿ ಹೋಯಿತು, ತಿರುಗಿ ತೆಗೆಯಲು ದಾರಿಯಿಲ್ಲ.

ಸರಿಯಾದ ಕ್ರಮ ಇದು. ಕಳಿಸುವವರ ವಿಳಾಸ ಮಿಲ್ಲಿನ ಸ್ವಂತ ಡೊಮೇನಿನದ್ದಾಗಿರಬೇಕು. ಗ್ರಾಹಕರ ವಿಳಾಸ "ರಿಪ್ಲೈ ಟು" ಜಾಗದಲ್ಲಿರಬೇಕು. ಮೇಲು ಪಾಸ್‌ವರ್ಡ್ ಸಹಿತ ಎಸ್‌ಎಂಟಿಪಿ (ಮೇಲ್ ಸರ್ವರಿಗೆ ಲಾಗಿನ್ ಆಗಿ ಕಳಿಸುವ ಕ್ರಮ) ಮೂಲಕ ಹೋಗಬೇಕು. ಡೊಮೇನಿನ ದಾಖಲೆಪುಸ್ತಕವಾದ ಡಿಎನ್‌ಎಸ್‌ನಲ್ಲಿ, ಮೇಲ್ ಅಸಲಿ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳಿರಬೇಕು. ಎಸ್‌ಪಿಎಫ್ ದಾಖಲೆ ಒಂದು ಡೊಮೇನಿಗೆ ಒಂದೇ. ಹಳೆಯದು ಇದ್ದಂತೆಯೇ ಇನ್ನೊಂದು ಸೇರಿಸಿದರೆ ಎರಡೂ ಕೆಡುತ್ತವೆ. ಎರಡು ಸರ್ವರಿನಿಂದ ಮೇಲ್ ಹೋಗುವುದಾದರೆ ಒಂದೇ ದಾಖಲೆಯಲ್ಲಿ ಎರಡನ್ನೂ ಸೇರಿಸಬೇಕು. ಪ್ರತಿ ಸಂದೇಶದ ಒಂದು ಪ್ರತಿ ಡೇಟಾಬೇಸಿನಲ್ಲಿ ಉಳಿಯಲೇಬೇಕು.

ದುರಸ್ತಿಯೋ, ಹೊಸದೋ

ಪಿಎಚ್‌ಪಿ ಒಂದೇ ಹಳತಾಗಿ, ಥೀಮು ಪ್ಲಗಿನ್ನುಗಳಿಗೆ ಹೊಸ ಆವೃತ್ತಿ ಸಿಗುವಂತಿದ್ದರೆ ದುರಸ್ತಿಯೇ ಸರಿ. ನಕಲು ಪ್ರತಿಯ ಮೇಲೆ ಪ್ರಯೋಗ ಮಾಡಿದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಇಲ್ಲಿ ದುರಸ್ತಿ ಎಂದರೆ ಥೀಮು, ಸ್ಲೈಡರ್, ದರದ ಪ್ಲಗಿನ್, ಫಾರಂ, ಕನ್ನಡ ಬರಹ ಎಲ್ಲವೂ ಬದಲಾಗಬೇಕು, ಮೇಲೆ ಹ್ಯಾಕಿನ ಶುದ್ಧೀಕರಣ. ಉಳಿಯುವುದು ಡೊಮೇನ್, ಪುಟಗಳ ವಿಳಾಸ, ಬರಹ, ಚಿತ್ರಗಳು. ಹಾಗಾಗಿ ಹೊಸದಾಗಿ ಕಟ್ಟುವ ತೀರ್ಮಾನವಾಯಿತು. ಹ್ಯಾಕ್ ಆದ ಸೈಟನ್ನು ಫೈಲು ಫೈಲು ಹುಡುಕಿ ತೊಳೆಯುವುದಕ್ಕಿಂತ, ಶುದ್ಧ ಜಾಗದಲ್ಲಿ ಹೊಸದು ಕಟ್ಟಿ ಬರಹ ಮತ್ತು ಪರೀಕ್ಷಿಸಿದ ಚಿತ್ರಗಳನ್ನಷ್ಟೇ ಒಯ್ಯುವುದು ನಂಬಿಕೆಯ ದಾರಿ.

ಇಲ್ಲಿ ಎಚ್ಚರಿಕೆ ಹೇಳಬೇಕು. ಸೈಟ್ ಇರುವ ಅಂಗಡಿ, ಮಿಲ್ಲುಗಳಿಗೆ ಫೋನು ಮಾಡಿ, ಯಾವುದೋ ತಾನಾಗಿ ತಯಾರಾಗುವ ವರದಿಯ ಕೆಂಪು ಗುರುತುಗಳನ್ನು ತೋರಿಸಿ "ಎಲ್ಲ ಹೊಸದು ಮಾಡಿಸಿ" ಎನ್ನುವವರಿದ್ದಾರೆ. ಕೆಂಪು ಗುರುತು ಎಷ್ಟಿವೆ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಯಾವ ಭಾಗ ಯಾವುದನ್ನು ಹಿಡಿದಿಟ್ಟಿದೆ ಎಂದು ಹೇಳಬಲ್ಲವರಿಗೆ ಮಾತ್ರ ಕೆಲಸ ಕೊಡಿ.

ಕೆಲಸದ ಕ್ರಮ, ಎಡವುವ ಜಾಗ

ಮೊದಲು ಡೊಮೇನ್. ಹೂಯಿಸ್ ಎಂಬ ಡೊಮೇನ್ ನೋಂದಣಿಯ ಹುಡುಕಾಟದಲ್ಲಿ ಅವಧಿ ಮುಗಿಯುವ ತಾರೀಖು ಕಾಣುತ್ತದೆ, ಯಾರ ಹೆಸರಲ್ಲಿದೆ ಎಂಬುದು 2018ರಿಂದೀಚೆಗೆ ಸಾಮಾನ್ಯವಾಗಿ ಮರೆಯಾಗಿರುತ್ತದೆ. ಕೇಳಬೇಕಾದ ಪ್ರಶ್ನೆ: ನವೀಕರಣದ ಮೇಲ್ ಯಾರಿಗೆ ಬರುತ್ತದೆ? ಇಲ್ಲಿ ಅದು ಹಳೆಯ ಡೆವಲಪರ್‌ಗೆ ಹೋಗುತ್ತಿತ್ತು. ಅವರನ್ನು ಹುಡುಕಿ, ಡೊಮೇನ್ ಲಾಕ್ ತೆಗೆಸಿ, ವರ್ಗಾವಣೆಯ ರಹಸ್ಯ ಕೋಡ್ ಪಡೆದು ಮಿಲ್ಲಿನ ಸ್ವಂತ ಖಾತೆಗೆ ತರಲಾಯಿತು. ಅವಧಿ ಮುಗಿಯುವ ಹತ್ತಿರದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ಆಮೇಲೆ ಫೈಲು, ಡೇಟಾಬೇಸ್, ಮೇಲ್‌ಬಾಕ್ಸ್ ಮೂರರ ಬ್ಯಾಕಪ್ ಬೇರೆ ಹಾರ್ಡ್ ಡಿಸ್ಕಿಗೆ. ಹೊಸ ಹೋಸ್ಟಿಂಗಿನಲ್ಲಿ ಪಿಎಚ್‌ಪಿ 8.3, ಇತ್ತೀಚಿನ ವರ್ಡ್‌ಪ್ರೆಸ್, ಅದರ ಜೊತೆಗೇ ಬರುವ ಥೀಮು. ಸ್ಲೈಡರ್ ಇಲ್ಲ, ಒಂದೇ ಚಿತ್ರ. ಪ್ಲಗಿನ್ ಮೂರೇ: ಫಾರಂ, ಎಸ್‌ಎಂಟಿಪಿ, ಬ್ಯಾಕಪ್. ದರದ ಪುಟಕ್ಕೆ ವಿಶೇಷ ಕೋಡ್ ಬರೆಯಲಿಲ್ಲ. ಅದು ಸಾಮಾನ್ಯ ಪುಟ, ಒಳಗೊಂದು ಕೋಷ್ಟಕ: ಬಿಪಿಟಿ 5204, ಆರ್‌ಎನ್‌ಆರ್ 15048, ಗಂಗಾವತಿ ಸೋನಾ, ಎದುರಿಗೆ 75 ಕೆ.ಜಿ.ಯ ದರ; ಮೇಲೆ ತಾರೀಖು ಮತ್ತು ಗಂಟೆ. ತಾರೀಖು ಕಡ್ಡಾಯ. ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ನಿನ್ನೆಯ ಪುಟ ಬಂದರೂ ಅದು ನಿನ್ನೆಯದೆಂದು ರೈತರಿಗೆ ತಿಳಿಯಬೇಕು. ಚಿತ್ರದೊಳಗೆ ಬರೆದಿದ್ದ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವ ಲಿಂಕ್ ಮಾಡಲಾಯಿತು. ವಾಟ್ಸ್ಆ್ಯಪ್ ಲಿಂಕಿನಲ್ಲಿ ನಂಬರಿಗೆ ಮೊದಲು 91 ಬೇಕು. ಪ್ಲಸ್ ಗುರುತಾಗಲಿ ಸೊನ್ನೆಯಾಗಲಿ ಇರಬಾರದು.

ಗುಮಾಸ್ತರಿಗೆ ಹೊಸ ಟೈಪಿಂಗ್ ಕಲಿಸಬೇಕಾಗಲಿಲ್ಲ. ನುಡಿಯ ಈಚಿನ ಆವೃತ್ತಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ಅದೇ. ಆಯ್ಕೆ ಬದಲಿಸಿದರೆ ಬೆರಳಿನ ಅಭ್ಯಾಸ ಹಾಗೇ ಉಳಿಯುತ್ತದೆ.

ಸ್ಥಳಾಂತರದ ದಿನದ ದೊಡ್ಡ ಅಪಾಯ ಮೇಲ್‌ನದು. ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶವಿರುವ ಹೋಸ್ಟಿಂಗ್‌ನಲ್ಲಿ, ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಸಾಮಾನ್ಯವಾಗಿ ಡೊಮೇನ್ ಹೆಸರನ್ನೇ ತೋರಿಸುತ್ತಿರುತ್ತದೆ. ಸೈಟಿಗೆಂದು ಡೊಮೇನಿನ ಎ ದಾಖಲೆಯನ್ನು (ಸರ್ವರಿನ ಐಪಿ ವಿಳಾಸ ಹೇಳುವುದನ್ನು) ಹೊಸ ಸರ್ವರಿಗೆ ತಿರುಗಿಸಿದ ಕ್ಷಣ ಮೇಲ್ ಕೂಡ ಹೊಸ ಸರ್ವರಿಗೆ ಹೋಗುತ್ತದೆ, ಅಲ್ಲಿ ಮೇಲ್‌ಬಾಕ್ಸೇ ಇಲ್ಲ. "ಮೇಲ್" ಎಂಬ ಉಪಹೆಸರಿಗೆ ಹಳೆಯ ಸರ್ವರಿನ ಐಪಿ ಕೊಟ್ಟು, ಎಂಎಕ್ಸ್ ಅನ್ನು ಅದಕ್ಕೆ ತಿರುಗಿಸಿ, ಒಂದು ದಿನ ನೋಡಿ, ಆಮೇಲೆ ಎ ದಾಖಲೆ ಮುಟ್ಟಬೇಕು. ಟಿಟಿಎಲ್ (ಹಳೆಯ ದಾಖಲೆಯನ್ನು ಬೇರೆ ಯಂತ್ರಗಳು ನೆನಪಿಡುವ ಅವಧಿ) 14400 ಸೆಕೆಂಡು ಇದ್ದದ್ದನ್ನು ಹಿಂದಿನ ದಿನವೇ 300ಕ್ಕೆ ಇಳಿಸಿದರೆ ತಪ್ಪಾದಾಗ ಬೇಗ ಹಿಂದೆ ಬರಬಹುದು.

ಪ್ರಯೋಗದ ವಿಳಾಸದಿಂದ ಅಸಲಿ ವಿಳಾಸಕ್ಕೆ ಬರುವಾಗ ಡೇಟಾಬೇಸಿನಲ್ಲಿ ವಿಳಾಸಗಳನ್ನು ನೇರ ಎಸ್‌ಕ್ಯುಎಲ್ ಆಜ್ಞೆಯಿಂದ ಬದಲಿಸಬಾರದು. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಉದ್ದದ ಎಣಿಕೆ ಸಮೇತ ಬರೆದಿಟ್ಟಿರುತ್ತದೆ. ವಿಳಾಸದ ಉದ್ದ ಬದಲಾದರೆ ಎಣಿಕೆ ತಪ್ಪಿ ಸೆಟ್ಟಿಂಗ್ ಕಳೆದುಹೋಗುತ್ತದೆ. ವರ್ಡ್‌ಪ್ರೆಸ್‌ಗೆ ಆಜ್ಞೆ ಟೈಪ್ ಮಾಡಿ ಕೊಡುವ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಎಣಿಕೆಯನ್ನೂ ಸರಿಪಡಿಸುತ್ತದೆ. "ರೀಡಿಂಗ್" ಸೆಟ್ಟಿಂಗ್‌ನಲ್ಲಿ ಸರ್ಚ್ ಎಂಜಿನ್‌ಗಳನ್ನು ತಡೆಯುವ ಟಿಕ್ ಪ್ರಯೋಗದ ಕಾಲದಲ್ಲಿ ಹಾಕಿರುತ್ತಾರೆ. ಅದನ್ನು ತೆಗೆಯಲು ಮರೆತರೆ ಹೊಸ ಸೈಟ್ ಗೂಗಲಿನಿಂದ ಮಾಯವಾಗುತ್ತದೆ. ವಿಳಾಸ ಬದಲಾದ ಹಳೆಯ ಪುಟವಿದ್ದರೆ ಅದಕ್ಕೆ 301 ಮರುನಿರ್ದೇಶನ (ಕಾಯಂ ಆಗಿ ಹೊಸ ವಿಳಾಸಕ್ಕೆ ತಿರುಗಿಸುವುದು), ಔಷಧಿ ಪುಟಗಳ ವಿಳಾಸಕ್ಕೆ 410 ಉತ್ತರ (ಪುಟ ಕಾಯಂ ಆಗಿ ಹೋಗಿದೆ ಎಂಬ ಸೂಚನೆ). ಅವನ್ನು ಮುಖಪುಟಕ್ಕೆ ತಿರುಗಿಸುವುದು ಸಾಮಾನ್ಯ ತಪ್ಪು. ಸೈಟಿನ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಡೊಮೇನ್ ದೃಢೀಕರಿಸಿ, ಗೂಗಲಿನ ಯಂತ್ರಕ್ಕೆ ಪುಟ ಹೇಗೆ ಕಾಣುತ್ತದೆ ಎಂದು ಅಲ್ಲೇ ಪರೀಕ್ಷಿಸಬೇಕು. ಕಸದ ಪುಟಗಳು ಹುಡುಕಾಟದಿಂದ ಕರಗಲು ವಾರಗಟ್ಟಲೆ ಹಿಡಿಯುತ್ತದೆ, ಅದಕ್ಕೆ ತಾಳ್ಮೆ ಬೇಕು.

ಮುಂದಿನ ತಾರೀಖುಗಳು

ಕೆಲಸ ಮುಗಿಸಿ ಕೊಡುವಾಗ ಮಿಲ್ಲಿನ ದಫ್ತರಿಗೆ ಒಂದು ಹಾಳೆ ಸೇರಿತು. ಡೊಮೇನ್, ಹೋಸ್ಟಿಂಗ್, ವರ್ಡ್‌ಪ್ರೆಸ್ ಖಾತೆಗಳು ಯಾವ ಮೇಲ್ ಮತ್ತು ಮೊಬೈಲ್ ನಂಬರಿನಲ್ಲಿವೆ ಎಂಬುದು ಮೊದಲ ಸಾಲು. ಪಿಎಚ್‌ಪಿ 8.3ರ ಬೆಂಬಲ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, 8.4ರದ್ದು 2028ರ ಡಿಸೆಂಬರ್ 31ಕ್ಕೆ. ಹಾಗಾಗಿ 2027ರ ಮಧ್ಯದಲ್ಲೇ ನಕಲು ಪ್ರತಿಯ ಮೇಲೆ ಏರಿಸಿ ನೋಡುವುದು ಎರಡನೆಯ ಸಾಲು. ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ಕೊಂಡು ಕೈಯಿಂದ ಹಾಕುವ ಪದ್ಧತಿ ಇನ್ನು ನಡೆಯುವುದಿಲ್ಲ, ತಾನಾಗಿ ನವೀಕರಣವಾಗುವ ಉಚಿತ ಸರ್ಟಿಫಿಕೇಟೇ ಇರಲಿ ಎಂಬುದು ಮೂರನೆಯದು. ತಿಂಗಳ ಮೊದಲ ಸೋಮವಾರ ಗುಮಾಸ್ತರು ಮಾಡಬೇಕಾದದ್ದು ಕೊನೆಯ ಸಾಲಿನಲ್ಲಿದೆ: ತಮ್ಮ ಸ್ವಂತ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ, ದರದ ಪುಟ ತೆರೆಯುವುದು, ಫಾರಂ ತುಂಬಿ ಮೇಲ್ ಬಂತೇ ನೋಡುವುದು, ಡೊಮೇನಿನ ಹುಡುಕಾಟ ಮಾಡಿ ಮಿಲ್ಲಿನದಲ್ಲದ ಪುಟ ಕಂಡರೆ ಅಂದೇ ಫೋನು ಮಾಡುವುದು.